‘ನಾಟಕ’ ಎಂದವರಿಗೆ ಒಂದು ಉತ್ತರ

ತನಗೆ ತಾನೇ ಗಾಯ ಮಾಡಿಕೊಂಡ ಹುಡುಗಿಯನ್ನು ಆಸ್ಪತ್ರೆಗೆ ಕರೆತಂದಾಗ ಬಂಧುಗಳು ಹೊರಗೆ ನಿಂತು ಆಡುವ ಮಾತೊಂದಿದೆ: ‘ಎಲ್ಲಾ ನಾಟಕ. ಮನೆಯವರೆಲ್ಲ ಇವಳ ಹಿಂದೆಯೇ ಇರಬೇಕು, ಅಷ್ಟೆ.’ ಭಾವನೆಗಳು ಕೈಮೀರಿ ಉಕ್ಕುವ, ಹಲವರು ಹೀಗೆ ತಮಗೆ ತಾವೇ ಗಾಯ ಮಾಡಿಕೊಳ್ಳುವ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಮನೋರೋಗ ಇರುವವರ ಬಗ್ಗೆ ವೈದ್ಯಲೋಕದಲ್ಲೂ ಬಹುಕಾಲ ಇಂಥದೇ ಧೋರಣೆಯಿತ್ತು. ಅವರು ‘ಕಷ್ಟದ ರೋಗಿಗಳು’, ಬೇಕೆಂತಲೇ ಆಟವಾಡಿಸುವವರು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ಮೊದಲು ತಿದ್ದಿದ್ದು ಈ ನೋಟವನ್ನು. ಅದರ ದೊಡ್ಡ ಸಾಧನೆಯೂ ಅದೇ ಎಂದು ನನಗನ್ನಿಸುತ್ತದೆ.

ಲಿನೆಹಾನ್ ಈ ನೋವನ್ನು ಪುಸ್ತಕ ಓದಿ ಅರಿತವರಲ್ಲ. 1961ರಲ್ಲಿ, ಹದಿನೇಳರ ಹರೆಯದಲ್ಲಿ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಮನೋರೋಗದ ಆಸ್ಪತ್ರೆ ಸೇರಿದರು. ಸ್ಕಿಜೋಫ್ರೇನಿಯಾ ಎಂದು ತಪ್ಪಾಗಿ ಗುರುತಿಸಿ ಶಾಕ್ ಕೊಟ್ಟರು, ಒಂಟಿ ಕೋಣೆಯಲ್ಲಿಟ್ಟರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಈ ಕಥೆಯನ್ನು ಅವರು ಲೋಕದೆದುರು ಹೇಳಿಕೊಂಡದ್ದು 2011ರಲ್ಲಿ.

ಅವರ ವಾದ ಸರಳ. ಹುಟ್ಟಿನಿಂದಲೇ ಭಾವನೆಗಳ ತೀವ್ರತೆ ಹೆಚ್ಚಿರುವ ಮಗು, ‘ಅಷ್ಟಕ್ಕೆಲ್ಲ ಅಳ್ತಾರಾ’ ಎಂದು ಅದರ ಅಳಲನ್ನು ತಳ್ಳಿಹಾಕುವ ಪರಿಸರದಲ್ಲಿ ಬೆಳೆದರೆ, ಸಂಕಟವನ್ನು ತಾಳಿಕೊಳ್ಳುವ ವಿದ್ಯೆ ಕಲಿಯುವುದೇ ಇಲ್ಲ. ಕಲಿಯದ್ದನ್ನು ಈಗಲೂ ಕಲಿಸಬಹುದು. ಹಾಗಾಗಿ ಡಿಬಿಟಿಯಲ್ಲಿ ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಮಾತುಕತೆ, ವಾರಕ್ಕೊಂದು ಗುಂಪು ತರಗತಿ. ನಡುವೆ ಸಂಕಟ ಉಕ್ಕಿದರೆ ಫೋನ್ ಮಾಡಬಹುದು. ಚಿಕಿತ್ಸಕರು ಕೈಚೆಲ್ಲದಂತೆ ಅವರ ಬೆನ್ನಿಗೂ ಒಂದು ತಂಡ.

ಈ ಚಿಕಿತ್ಸೆಯ ಒಂದು ಹೊತ್ತನ್ನು ಹತ್ತಿರದಿಂದ ನೋಡೋಣ. ತನಗೆ ತಾನೇ ಗಾಯ ಮಾಡಿಕೊಂಡವಳನ್ನು ಚಿಕಿತ್ಸಕರು ಕೇಳುತ್ತಾರೆ: ಮಂಗಳವಾರ ರಾತ್ರಿ ಏನಾಯಿತು? ಗೆಳೆಯ ಫೋನ್ ಎತ್ತಲಿಲ್ಲ. ಮನಸ್ಸಿಗೆ ಬಂದದ್ದು? ‘ಇವನೂ ಬಿಟ್ಟುಹೋದ.’ ಮೈಗೆ ಏನಾಯಿತು? ಎದೆ ಬಿಗಿಯಿತು, ಕೈ ನಡುಗಿತು. ಅದಕ್ಕೂ ಮೊದಲು? ಹಿಂದಿನ ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆಯಿಂದ ಹೊಟ್ಟೆಗೂ ಏನಿಲ್ಲ. ಹೀಗೆ ಕೊಂಡಿ ಕೊಂಡಿಯಾಗಿ ಸರಪಳಿ ಬಿಡಿಸುತ್ತಾ ಹೋದರೆ, ಎಲ್ಲಿ ತುಂಡರಿಸಬಹುದಿತ್ತು ಎಂಬುದು ಆಕೆಗೇ ಕಾಣತೊಡಗುತ್ತದೆ. ಬೈಗುಳವಿಲ್ಲ, ಬರೀ ಕನಿಕರವೂ ಇಲ್ಲ. ‘ನಿನ್ನ ನೋವು ನಿಜ, ನೀನು ಬದಲಾಗಲೂ ಬೇಕು’ ಎಂಬ ಎರಡು ಮಾತನ್ನೂ ಒಟ್ಟಿಗೆ ಹಿಡಿದಿರುವುದೇ ಇದರ ಕಷ್ಟ, ಇದರ ಚೆಲುವು.

ಫಲಿತಾಂಶವೂ ಗಟ್ಟಿಯಾಗಿದೆ. 2006ರಲ್ಲಿ ಪ್ರಕಟವಾದ, 101 ಮಹಿಳೆಯರ ಅಧ್ಯಯನದಲ್ಲಿ ನುರಿತ ಇತರ ಚಿಕಿತ್ಸಕರ ಬಳಿ ಹೋದವರಿಗೆ ಹೋಲಿಸಿದರೆ ಡಿಬಿಟಿ ಪಡೆದವರಲ್ಲಿ ಆತ್ಮಹತ್ಯಾ ಯತ್ನ ಅರ್ಧದಷ್ಟಕ್ಕೆ ಇಳಿಯಿತು. ಈ ಕಾಯಿಲೆಗೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಒಂದು ಮಾತ್ರೆಯೂ ಇಲ್ಲದಿರುವಾಗ ಇದು ಸಣ್ಣ ಮಾತಲ್ಲ.

ಆದರೆ ಡಿಬಿಟಿಯೊಂದೇ ದಾರಿ ಎನ್ನುವವರನ್ನು ಒಪ್ಪಲಾರೆ. 2009ರಲ್ಲಿ ಕೆನಡಾದ ಟೊರಾಂಟೊದಿಂದ ಬಂದ, 180 ರೋಗಿಗಳ ಅಧ್ಯಯನದಲ್ಲಿ ಅಚ್ಚುಕಟ್ಟಾದ ಮನೋವೈದ್ಯಕೀಯ ಆರೈಕೆ ಪಡೆದವರೂ ಡಿಬಿಟಿಯವರಷ್ಟೇ ಚೇತರಿಸಿಕೊಂಡರು. ಅಂದರೆ ಗುಣಪಡಿಸುವ ಶಕ್ತಿ ಒಂದು ಹೆಸರಿಗೆ ಅಂಟಿಕೊಂಡಿಲ್ಲ. ನಿಗದಿತ ವೇಳೆ, ಸ್ಪಷ್ಟ ಗುರಿ, ಕೈಬಿಡದ ಚಿಕಿತ್ಸಕರು, ಇವುಗಳಲ್ಲಿದೆ. ಡಿಬಿಟಿಯ ದೊಡ್ಡ ಮಿತಿ ಅದರ ಭಾರ. ತರಬೇತಾದ ತಂಡ ಬೇಕು, ಸುಮಾರು ವರ್ಷ ಬೇಕು, ಹಣ ಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯ ಮುಂದೆ ಸಾಲು ನಿಂತ ಕುಟುಂಬಕ್ಕೆ ಅದು ಎಟುಕುವುದಿಲ್ಲ.

ಹಾಗೆಂದು ಅದರ ತಿರುಳನ್ನೂ ಬಿಟ್ಟುಕೊಡಬೇಕಿಲ್ಲ. ಹೊರರೋಗಿ ವಿಭಾಗದ ಹತ್ತು ನಿಮಿಷದಲ್ಲೂ ವೈದ್ಯರು ಆ ಸರಪಳಿಯ ಒಂದೆರಡು ಕೊಂಡಿಯನ್ನು ಕೇಳಬಹುದು, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಿ ಅದಕ್ಕೆ ತಪ್ಪದೆ ನಿಲ್ಲಬಹುದು. ಚಿಕಿತ್ಸಕರ ಜಾಗವನ್ನು ಮನೆಯವರು ತುಂಬಲಾರರು, ನಿಜ. ಆದರೆ ಹೊರಗೆ ನಿಂತ ಆ ಬಂಧುಗಳು ಒಳಗೆ ಬಂದು ಮಂಚದ ಪಕ್ಕ ಕೂತು, ‘ನಿನ್ನೆಯಿಂದ ಏನೇನಾಯ್ತು, ಮೊದಲಿಂದ ಹೇಳು ಮಗಳೇ’ ಎಂದು ಕೇಳಲು ಯಾವ ತರಬೇತಿಯೂ ಬೇಡ.