ಪಾದ್ರಿಯ ಪ್ಯಾರಾಚೂಟ್

1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೀಡ್ರಲ್ ಖರ್ಚು ತಗ್ಗಿಸಬೇಕಾಗಿ ಬಂದು ರಿಚರ್ಡ್ ಬೋಲ್ಸ್ ಎಂಬ ಪಾದ್ರಿಯನ್ನು ಮನೆಗೆ ಕಳಿಸಿತು. ಆಮೇಲೆ ಅವರಿಗೆ ಸಿಕ್ಕಿದ್ದು ಕಾಲೇಜು ಕ್ಯಾಂಪಸ್ಸುಗಳ ಪಾದ್ರಿಗಳನ್ನು ನೋಡಿಕೊಳ್ಳುವ ಕೆಲಸ. ನೋಡಿದರೆ ಆ ಪಾದ್ರಿಗಳ ನೌಕರಿಯೂ ಅಲುಗಾಡುತ್ತಿತ್ತು. ಅವರಿಗೆ ಹಂಚಲೆಂದು 1970ರಲ್ಲಿ ಸ್ವಂತ ಖರ್ಚಿನಲ್ಲಿ ಮಾಡಿಸಿದ ಕೈಪಿಡಿಯೇ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಚೂಟ್?’ 1972ರಲ್ಲಿ ಟೆನ್ ಸ್ಪೀಡ್ ಪ್ರೆಸ್ ಅದನ್ನು ಪ್ರಕಟಿಸಿತು. ಮುಂದೆ ದಶಕಗಳ ಕಾಲ ಹೆಚ್ಚುಕಡಿಮೆ ವರ್ಷಕ್ಕೊಂದು ಪರಿಷ್ಕೃತ ಆವೃತ್ತಿ ಬಂತು, ಒಂದು ಕೋಟಿ ಪ್ರತಿ ದಾಟಿತು. 2017ರಲ್ಲಿ ಬೋಲ್ಸ್ ತೀರಿಕೊಂಡರು. ಅವರ ನಂತರವೂ ಪುಸ್ತಕ ಹೊಸ ರಕ್ಷಾಪುಟ ತೊಟ್ಟು ಬಂತು.

ಇದರೊಳಗೆ ಎರಡು ಪುಸ್ತಕಗಳಿವೆ ಎಂದು ನನಗನ್ನಿಸುತ್ತದೆ. ಒಂದು ಕೆಲಸ ಹುಡುಕುವವರನ್ನು ಹೊರಗೆ ಅಟ್ಟುತ್ತದೆ. ಇನ್ನೊಂದು ಅವರನ್ನು ಹಿಡಿದು ಕನ್ನಡಿಯ ಮುಂದೆ ಕೂರಿಸುತ್ತದೆ. ಮೊದಲನೆಯದು ಇಷ್ಟು ವರ್ಷ ಕಳೆದರೂ ಹಳಸಿಲ್ಲ.

ಬೋಲ್ಸ್ ಕಂಡುಕೊಂಡ ಮುಖ್ಯ ಸಂಗತಿ ಬಹಳ ಸರಳ. ಜಾಗ ಖಾಲಿಯಾದಾಗ ಮಾಲೀಕ ಮೊದಲು ನೋಡುವುದು ತನ್ನಲ್ಲೇ ಇರುವವರನ್ನು. ಆಮೇಲೆ ತಾನು ಕಣ್ಣಾರೆ ಕಂಡ ಕೆಲಸಗಾರರನ್ನು, ಆಮೇಲೆ ನಂಬಿಕಸ್ಥರು ಹೇಳಿದವರನ್ನು. ಜಾಹೀರಾತು ಕೊಟ್ಟು, ಬಂದ ರೆಸ್ಯೂಮೆಗಳ ರಾಶಿಗೆ ಕೈಹಾಕುವುದು ಬೇರೆ ದಾರಿ ಕಾಣದಾಗ. ಕೆಲಸ ಬೇಕಾದವರು ಶುರು ಮಾಡುವುದು ಮಾತ್ರ ಸರಿಯಾಗಿ ಆ ತುದಿಯಿಂದಲೇ. ಇಬ್ಬರೂ ಒಂದೇ ಏಣಿಯ ಎರಡು ತುದಿಯಲ್ಲಿ ನಿಂತು ಒಬ್ಬರನ್ನೊಬ್ಬರು ಹುಡುಕುತ್ತಿರುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ರೆಫರಲ್ ಬೋನಸ್ ಎಂಬ ಪದ್ಧತಿ ಇರುವುದು ಇದೇ ಕಾರಣಕ್ಕೆ: ಪೋರ್ಟಲ್ಲಿನಲ್ಲಿ ಬಿದ್ದಿರುವ ಸಾವಿರ ಅರ್ಜಿ ಜರಡಿ ಹಿಡಿಯುವುದಕ್ಕಿಂತ ಒಳಗಿರುವವರ ಒಂದು ಮಾತಿಗೆ ದುಡ್ಡು ಕೊಡುವುದು ಕಂಪನಿಗೆ ಅಗ್ಗ. ರಾತ್ರಿಯೆಲ್ಲ ಕೂತು ‘ಅಪ್ಲೈ’ ಒತ್ತುವ ಹುಡುಗರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ರೆಸ್ಯೂಮೆಯ ಅಕ್ಷರ ಯಾವ ಅಳತೆಯಲ್ಲಿರಬೇಕು ಎಂದು ಹೇಳುವವರು ಬೇಕಾದಷ್ಟಿದ್ದಾರೆ.

ಹಾಗಾದರೆ ಮೇಲಿನ ತುದಿಗೆ ಹೋಗುವುದು ಹೇಗೆ? ಪುಸ್ತಕ ಕೊಡುವ ಉಪಾಯ, ಕೆಲಸ ಕೇಳದೆ ಕೆಲಸದ ಬಗ್ಗೆ ಕೇಳುವುದು. ನೀವು ಮಾಡಬೇಕೆಂದಿರುವ ಕೆಲಸವನ್ನೇ ಈಗ ಮಾಡುತ್ತಿರುವ ಒಬ್ಬರನ್ನು ಹುಡುಕಿ ಕಾಲು ಗಂಟೆ ಕೇಳಿಕೊಳ್ಳಿ. ಇದಕ್ಕೆ ಹೇಗೆ ಬಂದಿರಿ, ಇದರಲ್ಲಿ ಏನು ಇಷ್ಟ, ಏನು ಕಷ್ಟ, ಇನ್ನು ಯಾರನ್ನು ಕೇಳಲಿ ಎಂದು ವಿಚಾರಿಸಿ ಬನ್ನಿ. ಇದರಲ್ಲಿ ಜಾಣತನ ಇರುವುದು ‘ಏನು ಕಷ್ಟ’ ಎಂಬಲ್ಲಿ. ನೌಕರಿ ಬೇಡಲು ಬಂದವರಿಗೆ ಯಾರೂ ಅದಕ್ಕೆ ನಿಜವಾದ ಉತ್ತರ ಕೊಡುವುದಿಲ್ಲ. ಕುತೂಹಲದಿಂದ ಬಂದವರಿಗೆ ಕೊಡುತ್ತಾರೆ. ರಾತ್ರಿ ಪಾಳಿ ಎಷ್ಟು ದಿನ, ಟಾರ್ಗೆಟ್ ಮುಟ್ಟದಿದ್ದರೆ ಏನಾಗುತ್ತದೆ, ಎರಡು ವರ್ಷದ ಬಾಂಡ್ ಮುರಿದವರ ಗತಿಯೇನು ಎಂಬುದೆಲ್ಲ ಹೊರಬರುವುದು ಅಲ್ಲೇ. ಆಯಾ ಕೆಲಸದಲ್ಲಿ ನಮಗಿಂತ ನಾಲ್ಕು ಹೆಜ್ಜೆ ಮುಂದಿರುವವರ ಇಂಥ ಮಾತನ್ನು ಬಿಟ್ಟರೆ ಉಪಯೋಗಕ್ಕೆ ಬರುವ ಸಲಹೆ ಬೇರೆ ಇದೆಯೇ ಎಂಬುದೇ ನನಗೆ ಅನುಮಾನ.

ಪಾದ್ರಿಯ ಈ ಅಂದಾಜಿಗೆ ಸಮಾಜಶಾಸ್ತ್ರದ ಬೆಂಬಲವೂ ಬೇಗನೆ ಸಿಕ್ಕಿತು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಾಸ್ಟನ್ ಹೊರವಲಯದಲ್ಲಿ ಹೊಸದಾಗಿ ಕೆಲಸ ಬದಲಿಸಿದವರ ವಿವರಗಳಿವೆ. ಪರಿಚಯದಿಂದ ಕೆಲಸ ಹಿಡಿದವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17ರಷ್ಟೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ ಅವರನ್ನು ಕಾಣುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ. ಕಾಲು ಭಾಗಕ್ಕೂ ಹೆಚ್ಚಿನವರು ಕಾಣುತ್ತಿದ್ದದ್ದು ತೀರಾ ಅಪರೂಪಕ್ಕೆ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ.

ಆದರೆ ಒಳ್ಳೆಯ ಉಪಾಯ ಕೆಡುವುದಕ್ಕೆ ಎಷ್ಟು ಹೊತ್ತು? ಹೆಸರೂ ಕೇಳದವರಿಂದ ಲಿಂಕ್ಡ್‌ಇನ್ನಿನಲ್ಲಿ ‘ಹಾಯ್ ಸರ್, ಪ್ಲೀಸ್ ರೆಫರ್ ಮಿ’ ಎಂಬ ಒಂದು ಸಾಲು ಬರುತ್ತದೆ. ರೆಸ್ಯೂಮೆಯ ರಾಶಿಯೇ ಅಲ್ಲಿಂದೆದ್ದು ಇಲ್ಲಿಗೆ ಬಂದು ಕೂತಿದೆ.

ಇನ್ನು ಎರಡನೆಯ ಪುಸ್ತಕ. ಇಲ್ಲಿ ಏಳು ದಳದ ಒಂದು ಹೂವು ಬರೆಯಬೇಕು: ಎಂಥ ಜನರ ಜೊತೆ, ಎಂಥ ವಾತಾವರಣದಲ್ಲಿ, ಯಾವ ಊರಲ್ಲಿ, ಎಷ್ಟು ಸಂಬಳಕ್ಕೆ, ಯಾವ ಉದ್ದೇಶಕ್ಕೆ, ಹೀಗೆ. ಇಷ್ಟಗಳನ್ನು ಎರಡೆರಡಾಗಿ ಹೋಲಿಸಿ ಕ್ರಮ ಹಚ್ಚಬೇಕು. ಹತ್ತು ಇಷ್ಟಗಳಿದ್ದರೆ 45 ಸಲ ಹೋಲಿಕೆ. ಇದರಲ್ಲಿ ಒಂದು ಅಭ್ಯಾಸಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬದುಕಿನ ಏಳು ಪ್ರಸಂಗ ಬರೆದು, ಅದರಲ್ಲಿ ತಾನು ಬಳಸಿದ ಕೌಶಲ ಹೆಕ್ಕುವುದು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದ ಹೆಣ್ಣುಮಗಳು, ಊರಹಬ್ಬಕ್ಕೆ ನಾಟಕ ಆಡಿಸಿದ ಹುಡುಗ ‘ನನಗೆ ಅನುಭವ ಇಲ್ಲ’ ಎನ್ನುವುದನ್ನು ಇದು ತಪ್ಪಿಸುತ್ತದೆ. ಉಳಿದದ್ದೆಲ್ಲ ಬಾಡಿಗೆ ಕಟ್ಟುವ ಚಿಂತೆ ಇಲ್ಲದವರ ಕಾಲಕ್ಷೇಪ. ಅದರ ಮೇಲೆ ಯಶಸ್ಸಿನ ಅಂಕಿಗಳು ಬೇರೆ: ರೆಸ್ಯೂಮೆ ಕಳಿಸಿದರೆ ಶೇ. 7, ಹೂವು ಬರೆದು ಹೊರಟರೆ ಶೇ. 86. ಎಲ್ಲಕ್ಕಿಂತ ಹೆಚ್ಚು ಅಂಕ ತನ್ನ ಸ್ವಂತ ವಿಧಾನಕ್ಕೇ ಬಂದಾಗ ಲೇಖಕರಿಗಾದರೂ ಮುಜುಗರ ಆಗಬೇಕಿತ್ತು.

ಈ ಕನ್ನಡಿ ದೊಡ್ಡ ವ್ಯಾಪಾರವಾದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಲೇಖಕಿ ಬಾರ್ಬರಾ ಎರೆನ್‌ರೈಕ್ 2005ರ ‘ಬೇಟ್ ಅಂಡ್ ಸ್ವಿಚ್’ನಲ್ಲಿ ತೋರಿಸಿದರು. ಅವರು ಬೇರೆ ಹೆಸರಿನಲ್ಲಿ ನಿರುದ್ಯೋಗಿಯಾಗಿ ಕೋಚ್‌ಗಳಿಗೆ ಹಣ ತೆತ್ತರು, ವ್ಯಕ್ತಿತ್ವ ಪರೀಕ್ಷೆ ಬರೆದರು, ನೆಟ್‌ವರ್ಕಿಂಗ್ ಸಭೆಗಳಿಗೆ ಅಲೆದರು. ಕೊನೆಗೆ ಬಂದ ಕರೆಗಳು ಕಮಿಷನ್ ಮೇಲೆ ವಿಮೆ ಅಥವಾ ಸೌಂದರ್ಯವರ್ಧಕ ಮಾರುವುದಕ್ಕೆ, ಸಂಬಳವಿಲ್ಲ. ತಪ್ಪೆಲ್ಲ ನಿನ್ನ ಧೋರಣೆಯದು ಎಂದು ಹೇಳಿಸಿಕೊಳ್ಳಲೂ ದುಡ್ಡು ಕೊಡಬೇಕಾದ ಆ ಲೋಕದ ಮೇಲೆ ಅವರಿಗೆ ಬಂದ ಸಿಟ್ಟು ನ್ಯಾಯವಾದದ್ದು.

ನಮ್ಮಲ್ಲಂತೂ ಹೂವಿಗೆ ಜಾತಿ-ಧರ್ಮ ಎಂಬ ಒಂದು ದಳ ಕಡಿಮೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಗುತ್ತದೆ. ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಕಡಿಮೆಯಿತ್ತು. ಪರಿಚಯಗಳೂ ಎಲ್ಲರಿಗೂ ಒಂದೇ ತೆರನಾಗಿ ಸಿಗುವುದಿಲ್ಲ, ಹಾಗಾಗಿ ಪರಿಚಯದ ದಾರಿ ಹಿಡಿ ಎನ್ನುವ ಸಲಹೆಯನ್ನೂ ಹಾಗೇ ನುಂಗುವಂತಿಲ್ಲ. ಮನೆತನದಲ್ಲಿ ಮೊದಲ ಸಲ ಪದವಿ ಮುಗಿಸಿ ಸಿಂಧನೂರಿನಿಂದ ಬಂದವರಿಗೆ ಆ ‘ಅಪರೂಪಕ್ಕೆ ಕಾಣುವ’ ಮ್ಯಾನೇಜರ್ ಎಲ್ಲಿಂದ ಬರಬೇಕು? ಅವರಿಗೆ ಕಾಲೇಜಿನ ಸೀನಿಯರ್‌ಗಳು, ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿಗಳೇ ಗತಿ. ಕಾಲೇಜುಗಳು ಅವರ ವಿಳಾಸವನ್ನಾದರೂ ಸರಿಯಾಗಿ ಇಟ್ಟುಕೊಂಡರೆ ವರ್ಷಕ್ಕೊಂದು ‘ವ್ಯಕ್ತಿತ್ವ ವಿಕಸನ’ ಶಿಬಿರಕ್ಕಿಂತ ಹೆಚ್ಚು ಪ್ರಯೋಜನ. ಇನ್ನು ನೌಕರಿಯನ್ನು ಪರೀಕ್ಷೆಯೇ ತೀರ್ಮಾನಿಸುವ ಕಡೆ, ಬೆಂಗಳೂರಿನ ವಿಜಯನಗರದ, ಧಾರವಾಡದ ಕೋಚಿಂಗ್ ಕೊಠಡಿಗಳಲ್ಲಿ ಕೆಪಿಎಸ್‌ಸಿಗೆ ಓದುತ್ತಿರುವವರಿಗೆ ಬೋಲ್ಸ್ ಹೇಳುವುದು ಹೆಚ್ಚೇನೂ ಇಲ್ಲ.

ಆದ್ದರಿಂದ ಪುಸ್ತಕ ಸಿಕ್ಕರೆ ಮಾತಾಡಿಸುವ ಅಧ್ಯಾಯ ಓದಿ, ಏಳು ಪ್ರಸಂಗ ಬರೆಯಿರಿ. ಹಳೆಯ ಆವೃತ್ತಿಯಾದರೂ ನಡೆಯುತ್ತದೆ. ಸಂಬಳದ ಅಧ್ಯಾಯವನ್ನು ಮಾತ್ರ ಹುಷಾರಾಗಿ ಓದಬೇಕು. ನೀನೇ ಬೇಕು ಎಂದು ಮಾಲೀಕರು ಹೇಳುವ ತನಕ ಸಂಬಳದ ಮಾತೆತ್ತಬೇಡ, ಅಂಕಿ ಅವರ ಬಾಯಿಂದಲೇ ಮೊದಲು ಬರಲಿ ಎನ್ನುತ್ತಾರೆ ಬೋಲ್ಸ್. ಅಮೆರಿಕದಲ್ಲಿ ಅದು ನಡೆದೀತು. ಇಲ್ಲಿ ಎಚ್‌ಆರ್‌ನ ಮೊದಲ ಫೋನಿನಲ್ಲೇ ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕಳಿಸಿ ಎಂದು ಕೇಳುತ್ತಾರೆ. ಆನ್‌ಲೈನ್ ಅರ್ಜಿಯಲ್ಲಂತೂ ಸಂಬಳದ ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ.