ಸುಣ್ಣ ಮತ್ತು ಮಸಿ

“ಟಿಪ್ಪು ಒಳ್ಳೆಯವನೋ ಕೆಟ್ಟವನೋ, ಫಾದರ್?” ಕೊಡಿಗೇಹಳ್ಳಿಯ ಧರ್ಮೋಪದೇಶ ತರಗತಿಯಲ್ಲಿ ಬಾಲಕನೊಬ್ಬನ ಪ್ರಶ್ನೆಯಿದು.

ಪ್ರಿಯ ಓದುಗರೇ, 1990ರಲ್ಲಿ ದೂರದರ್ಶನದಲ್ಲಿ ಬಂದ ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ನಿಮಗೆ ನೆನಪಿರಬಹುದು. ಗಿದ್ವಾನಿಯವರ ಕಾದಂಬರಿಯನ್ನಾಧರಿಸಿದ ಆ ಧಾರಾವಾಹಿಯೊಡನೆ, ಇದು ಕಲ್ಪಿತವೆಂಬ ಪ್ರಕಟಣೆಯನ್ನೂ ತೋರಿಸಬೇಕಾಯಿತು. ಪ್ರಕಟಣೆಯನ್ನು ಯಾರು ಓದಿದರು? ಮನಸ್ಸಿನಲ್ಲಿ ಉಳಿದದ್ದು ಕಳಂಕರಹಿತ ವೀರ. 2023ರಲ್ಲಿ ಘೋಷಿತವಾಗಿ ಕೈಬಿಡಲಾದ ಚಿತ್ರವೊಂದರ ಪೋಸ್ಟರಾದರೋ ಅವನ ಮುಖಕ್ಕೆ ಮಸಿಯನ್ನೇ ಬಳಿದಿತ್ತು. ನಮ್ಮವರ ಯಾತನೆಯನ್ನು ಮರೆಮಾಡುವ ಚಿತ್ರದಷ್ಟೇ, ಅದನ್ನು ಬಂಡವಾಳ ಮಾಡಿಕೊಳ್ಳುವ ಚಿತ್ರವೂ ಅಪ್ರಾಮಾಣಿಕವೆಂದು ನನ್ನ ಎಣಿಕೆ.

1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ, 1791ರಲ್ಲಿ ಮರಾಠಾ ಪಡೆಗಳು ಲೂಟಿಮಾಡಿದ ಶೃಂಗೇರಿ ಮಠಕ್ಕೆ ನೆರವಿತ್ತವನೂ ಅವನೇ. ಎರಡು ಸಂಗತಿಗಳನ್ನೂ ಬಾಲಕನಿಗೆ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ.