ಮೂರನೆಯ ತಂತಿ

ಎಲ್‌ಎಂ317 ವೋಲ್ಟೇಜ್ ರೆಗ್ಯುಲೇಟರಿಗೆ ಎಷ್ಟು ದೊಡ್ಡ ಹೀಟ್‌ಸಿಂಕ್ ಬೇಕೆಂಬ ಚರ್ಚೆಯನ್ನು ಈ ವಾರ ಮುಗಿಸುವುದಾಗಿ ಹೇಳಿದ್ದೆ. ಅಷ್ಟರಲ್ಲಿ ಓದುಗರೊಬ್ಬರು ತಾವೇ ಕಟ್ಟಿದ ಪವರ್ ಸಪ್ಲೈಯ ಫೋಟೊ ಕಳಿಸಿದರು. ಸೋಲ್ಡರಿಂಗ್ ಅಚ್ಚುಕಟ್ಟು, ಮೀಟರ್ ಚೆಂದ, ಡಬ್ಬಿ ತಗಡಿನದು. ಆದರೆ ಗೋಡೆಯಿಂದ ಬಂದಿರುವುದು ಎರಡೇ ಎಳೆಯ ವೈರು, ತುದಿಗೆ ಎರಡು ಪಿನ್ನಿನ ಪ್ಲಗ್. ಹೀಟ್‌ಸಿಂಕ್ ಕಾಯಲಿ.

ಹೊರಗೆ ಬರುವ 12 ವೋಲ್ಟಿನ ಮೇಲಿರುವ ಅಕ್ಕರೆ ನಮ್ಮ ಹವ್ಯಾಸಿಗಳಿಗೆ ಒಳಗೆ ಬರುವ 230 ವೋಲ್ಟಿನ ಮೇಲಿಲ್ಲ. ಫೇಸ್ ವೈರು ಕಳಚಿ ತಗಡಿಗೆ ತಾಗಿತು ಎನ್ನಿ. ಅರ್ತ್ ಸರಿಯಾಗಿದ್ದರೆ ಭಾರೀ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ಇಲ್ಲವೇ ಮನೆಯ ಎಂಸಿಬಿ ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಏನೂ ಆದಂತೆ ಕಾಣುವುದಿಲ್ಲ. ಡಬ್ಬಿ ಮೈಯೆಲ್ಲ 230 ವೋಲ್ಟ್ ಹೊತ್ತು ಸುಮ್ಮನೆ ಕೂತಿರುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಉದ್ದವಿರುವುದೇ ಅದು ಮೊದಲು ಸೇರಿ ಕೊನೆಗೆ ಬಿಡಲಿ ಎಂದು.

ಅರ್ತಿನ ಹಸಿರು ವೈರನ್ನು ಟ್ರಾನ್ಸ್‌ಫಾರ್ಮರಿನ ಬೋಲ್ಟಿಗೆ ಸುತ್ತಿಬಿಟ್ಟರೆ ಸಾಲದು. ಅದಕ್ಕೆಂದೇ ಬೇರೆ ಬೋಲ್ಟ್ ಇರಲಿ. ಅಡಿಯ ಪೇಂಟ್ ಕೆರೆದು, ರಿಂಗ್ ಲಗ್ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಡಬ್ಬಿಯೊಳಗೆ ಈ ವೈರನ್ನು ಉಳಿದೆರಡಕ್ಕಿಂತ ಉದ್ದ ಬಿಡಿ. ಯಾರಾದರೂ ಕೇಬಲ್ ಜಗ್ಗಿದರೆ ಫೇಸ್ ಮೊದಲು ಕಿತ್ತುಬರಬೇಕು, ಅರ್ತ್ ಕೊನೆಗೆ. ಕೇಬಲ್ ಹೊಗುವ ತೂತಿಗೆ ರಬ್ಬರ್ ಗ್ರಾಮೆಟ್, ಒಳಗೊಂದು ಕ್ಲಾಂಪ್. ಗಂಟು ಕಟ್ಟಿದರೆ ಕ್ಲಾಂಪ್ ಆಗುವುದಿಲ್ಲ.

12 ವೋಲ್ಟ್, 2 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಗೋಡೆಯಿಂದ ಎಳೆಯುವುದು 0.1 ಆಂಪಿಯರಿನ ಆಸುಪಾಸು. ಅದಕ್ಕೆ 250 ಮಿಲಿಆಂಪಿಯರಿನ ಸ್ಲೋ-ಬ್ಲೋ ಫ್ಯೂಸ್ ಸಾಕು. ಕೈಗೆ ಸಿಕ್ಕಿತೆಂದು 2 ಆಂಪಿಯರಿನದು ಹಾಕಿದರೆ ಟ್ರಾನ್ಸ್‌ಫಾರ್ಮರ್ ಹೊಗೆಯಾಡಿದರೂ ಅದು ಜಗ್ಗದಿರಬಹುದು. ಫೇಸ್ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ. ಸ್ವಿಚ್ ಡಬಲ್ ಪೋಲ್ ಇರಲಿ, ಏಕೆಂದರೆ ಫೇಸ್–ನ್ಯೂಟ್ರಲ್ ಅದಲುಬದಲಾದ ಸಾಕೆಟ್‌ಗಳು ನಮ್ಮ ಮನೆಗಳಲ್ಲಿ ಅಪರೂಪವಲ್ಲ.

ಟ್ರಾನ್ಸ್‌ಫಾರ್ಮರೇ ಬೇಡ, 0.47 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದಿದ್ದರೆ 30 ಮಿಲಿಆಂಪಿಯರ್ ಸಿಗುತ್ತದೆ ಎನ್ನುವ ಪಂಥದೊಂದಿಗೆ ನನ್ನ ಜಗಳ ಹಳೆಯದು. ಲೆಕ್ಕ ಸರಿ. ಮುಚ್ಚಿದ ಎಲ್‌ಇಡಿ ಬಲ್ಬಿನೊಳಗೆ ಅದು ಇರಲಿ. ಪ್ರಯೋಗದ ಮೇಜಿಗೆ ಮಾತ್ರ ಅದನ್ನು ತರಲೇಬಾರದು. ಎರಡು ತಂತಿಗಳ ನಡುವೆ ಮೀಟರ್ 5 ವೋಲ್ಟ್ ತೋರಿಸುತ್ತದೆ, ನಿಜ. ಆದರೆ ಅದೇ ತಂತಿಗೂ ನೀವು ನಿಂತ ನೆಲಕ್ಕೂ ನಡುವೆ 230 ವೋಲ್ಟ್ ಇರಬಹುದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುವುದಷ್ಟೇ ಅಲ್ಲ, ಮೇನ್ಸಿನಿಂದ ನಮ್ಮನ್ನು ಬೇರೆಯಾಗಿಸುತ್ತದೆ. ಆ ಕೆಲಸವನ್ನು ಕೆಪಾಸಿಟರ್ ಮಾಡಲಾರದು. ಶಾಲೆಯ ಮಕ್ಕಳಿಗೆ ಈ ಸರ್ಕ್ಯೂಟ್ ಹೇಳಿಕೊಡುವವರು ದಯವಿಟ್ಟು ನಿಲ್ಲಿಸಿ.

ಇವತ್ತೇ ನಿಮ್ಮ ತಗಡಿನ ಡಬ್ಬಿಯ ಪ್ಲಗ್ ಗೋಡೆಯಿಂದ ಕಿತ್ತು, ಅರ್ತ್ ಪಿನ್ನಿನಿಂದ ಡಬ್ಬಿಯ ಮೈಗೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಒಂದಕ್ಕಿಂತ ಕಡಿಮೆ ಬರಬೇಕು. ಬರದಿದ್ದರೆ ಸರಿಪಡಿಸುವವರೆಗೆ ಮತ್ತೆ ಗೋಡೆಗೆ ಹಾಕಬೇಡಿ.